ಕೆಂಪು ದಾರ ಕಟ್ಟಿದ ಬ್ಯಾಟರಿ

ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಸರ್ಕಾರಿ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನೂ ನನ್ನ ಹಾಗೆ ಕಾಸರಗೋಡಿನವನೇ. ನನಗೆ ರಿಮೋಟ್ ಕಾರಿನ ಹುಚ್ಚು ಹಿಡಿಸಿದವನೂ ಅವನೇ. ಇಬ್ಬರ ಕಾರೂ ಒಂದೇ ಮಾದರಿ, ಒಂದೇ ಅಂಗಡಿಯದು. ಆದರೂ ತಿಂಗಳಿಗೊಂದು ಭಾನುವಾರ ರೈಲು ಹತ್ತಿ ಕಳಮಶ್ಶೇರಿಯ ಕಾಲೇಜು ಮೈದಾನಕ್ಕೆ ರೇಸಿಗೆ ಹೋದಾಗಲೆಲ್ಲ ಅವನದೇ ಮುಂದೆ. ಅಲ್ಲಿಯ ವಿದ್ಯಾರ್ಥಿಗಳು "ಚೇಟ್ಟಾ, ಚೇಟ್ಟಾ" ಎಂದು ಅಣ್ಣನನ್ನು ಕರೆಯುವ ಹಾಗೆ ಕರೆದು ಅವನನ್ನೇ ಮುತ್ತಿಕೊಳ್ಳುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ಗುಟ್ಟು ಬ್ಯಾಟರಿಯಲ್ಲಿದೆ ಎಂದು ತೀರ್ಮಾನಿಸಿದೆ. ಅವನನ್ನು ಕೇಳುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಕಡತ ದಪ್ಪವಾದಷ್ಟೂ ಕೇಸು ಗಟ್ಟಿ ಎಂದು ನಂಬಿ ಬದುಕಿದವನು ನಾನು. ಅದೇ ನಂಬಿಕೆಯಲ್ಲಿ ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಬ್ಯಾಟರಿ ತಂದೆ. ವೋಲ್ಟ್ ಹೊಂದುತ್ತಿತ್ತು, ಗಾತ್ರ ಹೊಂದಲಿಲ್ಲ. ಕಾರಿನ ಮುಚ್ಚಳ ಕೂರದಿದ್ದಾಗ ಕಡತ ಕಟ್ಟುವ ಕೆಂಪು ದಾರ ಬಿಗಿದು ಗಂಟು ಹಾಕಿದೆ.

ಮೊದಲ ತಿರುವಿನಲ್ಲೇ ಕಾರು ಮಗುಚಿತು.

ಅವನು ನಗಲಿಲ್ಲ. ನಕ್ಕಿದ್ದರೆ ಬೈಯಲಾದರೂ ಆಗುತ್ತಿತ್ತು. ಬ್ಯಾಟರಿಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇದು ಹೆಚ್ಚು ಹೊತ್ತು ಓಡ್ತದೆ ಮಾರಾಯ, ಜೋರು ಓಡುದಿಲ್ಲ. ನಮ್ಮದು ಐದು ನಿಮಿಷದ ರೇಸು. ಇಷ್ಟು ಭಾರ ಯಾಕೆ?" ಎಂದ. ತನ್ನ ಬಳಿಯಿದ್ದ ಇನ್ನೊಂದು ತೆಳು ಬ್ಯಾಟರಿಯನ್ನು ತಾನೇ ಕೂರಿಸಿಕೊಟ್ಟ.

ಮುಂದಿನ ರೇಸಿನಲ್ಲಿ ನಾನು ಗೆದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. ಸೋತು ಅಷ್ಟು ನಿರಾಳವಾಗಿ ನಗುವುದು ನನಗೆ ಈ ಜನ್ಮದಲ್ಲಿ ಬಾರದು.

ಆ ಬ್ಯಾಟರಿಯನ್ನು ನಾನಿನ್ನೂ ಹಿಂದಿರುಗಿಸಿಲ್ಲ. ಅವನು ಒಮ್ಮೆಯಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.