ಏಳನೇ ನಂಬರಿನ ಮೀನಿನ ನಿದ್ದೆ

ಚಾಸ್ಕೊಮುಸ್ ಊರಿನ ಕೆರೆ ದಂಡೆಯಲ್ಲಿ ಡೆಲ್ಮಿರಾಳ ಗಂಡ ಅಬೆಲ್, ಪೆಹೆರೇ ಎಂಬ ಜಾತಿಯ ಮೀನು ಕರಿದು ಮಾರುತ್ತಿದ್ದ. ಅದೇ ದಂಡೆಯ ಪ್ರಯೋಗಶಾಲೆಯಲ್ಲಿ ಡೆಲ್ಮಿರಾ ಅದೇ ಜಾತಿಯ ಮೀನಿಗೆ ಮತ್ತು ಬರಿಸುತ್ತಿದ್ದಳು. "ಹೆಂಡ್ತಿ ಮಲಗಿಸ್ತಾಳೆ, ಗಂಡ ಎಣ್ಣೆಗೆ ಹಾಕ್ತಾನೆ, ಒಳ್ಳೇ ಜೋಡಿ ಬಿಡಪ್ಪ" ಎಂದು ಊರವರು ಆಡಿಕೊಳ್ಳುತ್ತಿದ್ದರು.

ಪೆಹೆರೇ ಬಲು ನಾಜೂಕಿನ ಮೀನು. ಸುಮ್ಮನೆ ಹಿಡಿದರೆ ಗಾಬರಿಗೇ ಸಾಯುತ್ತದೆ. ಹಾಗಾಗಿ ಬಕೆಟ್ಟಿನ ನೀರಿಗೆ ಮದ್ದು ಬೆರೆಸಿ, ಮೀನು ಪಕ್ಕಕ್ಕೆ ವಾಲಿದ ಮೇಲೆ ಎತ್ತಿ, ಸಣ್ಣ ನಳಿಕೆಯಿಂದ ಹೊಟ್ಟೆಯೊಳಗಿನ ನಾಲ್ಕು ಮೊಟ್ಟೆ ತೆಗೆದು, ಮತ್ತೆ ಒಳ್ಳೆಯ ನೀರಿಗೆ ಬಿಡಬೇಕು. ಮೊಟ್ಟೆ ತಿಂಗಳಿಂದ ತಿಂಗಳಿಗೆ ಎಷ್ಟು ಬಲಿಯಿತೆಂದು ಅಲ್ಲಿ ಸಂಶೋಧನೆ ಮಾಡುವ ಡಾಕ್ಟರು ನೋಡುತ್ತಾರೆ. ಮದ್ದಿನಲ್ಲಿಟ್ಟ ಹೊತ್ತು ಕಡಿಮೆಯಾದರೆ ಮೀನು ಒದ್ದಾಡುತ್ತದೆ, ಹೆಚ್ಚಾದರೆ ಏಳುವುದೇ ಇಲ್ಲ. ಡೆಲ್ಮಿರಾ ಗಡಿಯಾರ ನೋಡಿದವಳಲ್ಲ. ಮದ್ದಿನ ನೀರಿಗೆ ಮೀನು ಬಿಟ್ಟೊಡನೆ ಸೋರೆ ಬುರುಡೆಯಲ್ಲಿದ್ದ, ಚಹದಂಥ ಮಾಟೆ ಎಲೆಗೆ ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವಳು. ಬುರುಡೆ ಬರಿದಾಗುವಷ್ಟರಲ್ಲಿ ಮೀನು ಮಲಗಿರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಸತ್ತಿರಲಿಲ್ಲ. ಅದರ ಜಂಬ ಅವಳಿಗಿತ್ತು. ಇರಲಿ, ಕೆಲಸ ಬಲ್ಲವರಿಗೆ ಅಷ್ಟಾದರೂ ಬೇಡವೇ?

ಡಾಕ್ಟರ್ ಇಗ್ನಾಸಿಯೊನ ಮೀನುಗಳಲ್ಲಿ ಏಳನೇ ನಂಬರಿನದು ಎಲ್ಲಕ್ಕಿಂತ ಮುಖ್ಯ. ನೀರು ಬೆಚ್ಚಗಾದರೆ ಈ ಜಾತಿಯ ಮರಿ ಗಂಡಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಬೆಳೆಸಿದ ಮರಿಗಳೆಲ್ಲ ಹಾಗೇ ಗಂಡಾಗಿದ್ದವು, ಇದೊಂದೇ ಹೆಣ್ಣು. ಇದು ಮೊಟ್ಟೆ ಇಡುವುದೋ ಇಲ್ಲವೋ ಎಂದು ಅವನು ಮೂರು ವರ್ಷದಿಂದ ಕಾಯುತ್ತಿದ್ದ.

ಅಲ್ಲಿ ಚಳಿಗಾಲವಾದ ಆಗಸ್ಟಿನ ಒಂದು ಬೆಳಿಗ್ಗೆ ಡೆಲ್ಮಿರಾ ಏಳನೆಯದನ್ನು ಬಕೆಟ್ಟಿಗೆ ಬಿಟ್ಟು ಹೀರತೊಡಗಿದಳು. ಎಲೆಯ ಪುಡಿ ಸಿಕ್ಕಿ ಕೊಳವೆ ಕಟ್ಟಿತು. ಬೈಯುತ್ತ ಕೊಡವಿದಳು, ಊದಿದಳು, ಮತ್ತೆ ಹೀರಿದಳು. ಬುರುಡೆಯಲ್ಲಿ ಇನ್ನೂ ಅರ್ಧ ಇತ್ತು. ಹೊತ್ತೂ ಅರ್ಧವೇ ಆಗಿದೆಯೆಂದು ಅವಳ ಮನಸ್ಸು ನಂಬಿಬಿಟ್ಟಿತ್ತು. ಬಗ್ಗಿ ನೋಡಿದಾಗ ಮೀನಿನ ಕಿವಿರು ಆಡುತ್ತಿರಲಿಲ್ಲ.

ಒಳ್ಳೆಯ ನೀರಿಗೆ ಹಾಕಿ, ಬಾಯೊಳಗೆ ನೀರು ನುಗ್ಗಲೆಂದು ಅಂಗೈಯಲ್ಲಿ ಹಿಡಿದು ತೊಟ್ಟಿಯೊಳಗೆ ಸುತ್ತ ನಡೆಸಿದಳು. ಮುಕ್ಕಾಲು ಗಂಟೆ ನಡೆಸಿದಳು. ಚಳಿಗೆ ಕೈ ಮರಗಟ್ಟಿತು.

"ಸಾಕು ಬಿಡಿ ದೋನ್ಯಾ ಡೆಲ್ಮಿರಾ, ಅದು ಹೋಯ್ತು," ಎಂದ ಅಷ್ಟರಲ್ಲಿ ಬಂದಿದ್ದ ಇಗ್ನಾಸಿಯೊ.

"ಸುಮ್ನೆ ನಿಂತ್ಕೋಬೇಡ ಮಾರಾಯ, ನಾಲ್ಕು ಮಾತಾದ್ರೂ ಬೈಯಿ."

ಅವನು ಬೈಯಲಿಲ್ಲ. "ರೋಗ ಬಂದು ಸತ್ತಿತು ಅಂತ ಬರೀರಿ. ಯಾರಿಗೆ ಗೊತ್ತಾಗತ್ತೆ? ಇಷ್ಟು ವರ್ಷದ ಹೆಸರು ಉಳಿಯತ್ತೆ."

ಡೆಲ್ಮಿರಾಳ ಕಣ್ಣು ತುಂಬಿತ್ತು. "ಹಂಗೆ ಬರೆದ್ರೆ, ಬೆಚ್ಚಗಿನ ನೀರಿನ ಹೆಣ್ಣು ಬಾಳಲ್ಲ ಅಂತ ನಾಳೆ ಯಾರೋ ಓದ್ತಾರೆ. ಅವಳು ಗಟ್ಟಿಮುಟ್ಟಾಗಿದ್ಲು ಕಣೋ. ಹೊತ್ತು ತಪ್ಪಿಸಿದ್ದು ನಾನು."

ದಾಖಲೆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: "ಏಳು. ಹೆಣ್ಣು. ಆರೋಗ್ಯವಾಗಿತ್ತು. ಮಾಟೆ ಕುಡಿಯುತ್ತ ನಾನು ಹೊತ್ತು ಮರೆತದ್ದರಿಂದ ಸತ್ತಿತು."

ಇಗ್ನಾಸಿಯೊ ಮೀನಿನ ಹೊಟ್ಟೆ ಕೊಯ್ದ. ಬಲಿತ ಮೊಟ್ಟೆ ತುಂಬಿ ತುಳುಕುತ್ತಿತ್ತು. ಅವನು ಪೆನ್ನಿಗೆ ಕೈ ಚಾಚಿದ. ಡೆಲ್ಮಿರಾ ಕೊಡಲಿಲ್ಲ, ಮೊಟ್ಟೆ ಬಲಿತಿತ್ತೆಂಬುದನ್ನೂ ತಾನೇ ಬರೆದಳು.