ಫೆನ್ನಾ ಅಕ್ಕ ಗಾಡಿಯಿಂದ ಇಳಿದದ್ದು

ನನ್ನ ಅಕ್ಕ ಫೆನ್ನಾ ಹಾಲೆಂಡಿನ ಹಾರ್ಲಿಂಗನ್ ಬಂದರಿನಲ್ಲಿ ಬಹಳ ವರ್ಷ ಮೀನಂಗಡಿ ನಡೆಸಿದವಳು. ಮೀನಿಗಿಂತ ಅವಳ ಬಾಯಿಗೇ ಹೆಚ್ಚು ಗಿರಾಕಿಗಳಿದ್ದರು. ಮೀನು ತಾಜಾ ಇದೆಯಾ ಎಂದು ಯಾರಾದರೂ ಕೇಳಿದರೆ ಮುಗಿಯಿತು.

"ಇಲ್ಲಪ್ಪ, ನಮ್ಮಜ್ಜಿ ಮದುವೆಗೆ ತಂದಿದ್ದು ಉಳಿದಿತ್ತು, ನಿಂಗೋಸ್ಕರ ಎತ್ತಿಟ್ಟಿದ್ದೆ!"

ಬೈಸಿಕೊಳ್ಳುವುದಕ್ಕೆಂದೇ ಪಕ್ಕದೂರಿನಿಂದ ಬರುವವರಿದ್ದರು. ಅವಳ ಗಂಡ ವೀಬೆ ಭಾವ ಹಿಂದಿನ ಕೋಣೆಯಲ್ಲಿ ಮೀನನ್ನು ಹೊಗೆಯಲ್ಲಿ ಒಣಗಿಸುತ್ತಾ ಇರುತ್ತಿದ್ದರು. ಮದುವೆಯ ದಿನ 'ಹೂಂ' ಅಂದದ್ದು ಬಿಟ್ಟರೆ ಅವರ ದನಿಯನ್ನು ಊರಿನವರು ಕೇಳಿದ್ದೇ ಕಡಿಮೆ.

ವಯಸ್ಸಾದ ಮೇಲೆ ಅಂಗಡಿ ಮಾರಿ ಮನೆಗಾಡಿ ಕೊಂಡರು. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ದೊಡ್ಡ ಬಿಳಿ ಗಾಡಿ. ಅದರಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ, ಅಕ್ಕನಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನವಾಗಿ ಸುಧಾರಿಸಿದವು, ಮಾತು ಮಾತ್ರ ಮರಳಲಿಲ್ಲ. ಯಾರು ಏನೆಂದರೂ ಅವಳಿಗೆ ತಿಳಿಯುತ್ತಿತ್ತು. ಬಾಯಿಗೆ ಬರುತ್ತಿದ್ದುದು ಮಾತ್ರ ಒಂದೇ ಪದ: "ಅದೇ." ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ.

ನಮ್ಮ ಜನ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದು ಕಳಿಸಬಹುದಿತ್ತು. ಹುಟ್ಟುಹಬ್ಬಕ್ಕೆ ಕುರ್ಚಿಗಳನ್ನು ಸುತ್ತಲೂ ಹಾಕಿ ಕೂರುವುದು ನಮ್ಮ ಪದ್ಧತಿ. ಕಾಫಿ, ಒಂದು ತುಂಡು ಕೇಕು, ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಅಕ್ಕ ಬಾಯಿ ತೆರೆದರೆ ಸಾಕು, ಕೂತವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ "ಹಾಲು ಬೇಕಾ? ಸಕ್ರೆನಾ? ಚಳಿ ಆಗ್ತಿದ್ಯಾ?" ಎಂದು ಕಿವಿ ಕೇಳದವರಿಗೆ ಕೂಗಿದ ಹಾಗೆ ಕೂಗುತ್ತಿದ್ದರು. ಎಂದೂ ಬಾಯಿ ಬಿಡದ ಭಾವನೂ ಪಾಪ, ಅವಳ ಪರವಾಗಿ ಎಲ್ಲದಕ್ಕೂ ತಾವೇ ಉತ್ತರ ಕೊಡತೊಡಗಿದರು. ಅಕ್ಕ ಜನರ ಮುಂದೆ ಬರುವುದನ್ನೇ ಬಿಟ್ಟಳು. ಬಾಗಿಲ ಗಂಟೆ ಬಾರಿಸಿದರೆ ಎದ್ದು ಮೇಲಿನ ಕೋಣೆಗೆ ಹೋಗಿಬಿಡುತ್ತಿದ್ದಳು.

"ಪೋರ್ಚುಗಲ್‌ಗೆ ಕರ್ಕೊಂಡು ಹೋಗ್ತೀನಿ. ಬಿಸಿಲು ಕಂಡ್ರೆ ಹೊರಗೆ ಬಂದೇ ಬರ್ತಾಳೆ" ಎಂದರು ಭಾವ. ಅವರಿಗೆ ಬೇಕಾಗಿದ್ದುದು ಅಷ್ಟೇ. ಜೊತೆಗೆ ನನ್ನನ್ನೂ ಹೊರಡಿಸಿದರು. ಹಾಸಿಗೆಯ ಕೆಳಗೆ ಒಂದು ಮೂಟೆ ಆಲೂಗಡ್ಡೆ ತುಂಬಿಕೊಂಡೆವು. ಹೊರದೇಶದ ಆಲೂಗಡ್ಡೆಯನ್ನು ನಂಬುವ ಪೈಕಿಯವರಲ್ಲ ನಾವು.

ಪೋರ್ಚುಗಲ್ಲಿನ ದಕ್ಷಿಣದ ಕಡಲ ದಂಡೆಯಲ್ಲಿ, ಮನೆಗಾಡಿಗಳ ತಂಗುದಾಣದಲ್ಲಿ ನೋಡಿದರೆ ಅರ್ಧ ಹಾಲೆಂಡೇ ಬಂದು ಕೂತಿತ್ತು. ಭಾವ ಚಕ್ರಕ್ಕೆ ಅಡ್ಡ ಕೊಡುವಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಹಾಜರು.

"ಅಯ್ಯೋ, ನಮ್ಮೋರೇ ಅಲ್ವಾ! ಯಾವೂರು? ಸಂಜೆ ಕಾಫಿಗೆ ಬನ್ರೀ, ಎಲ್ರೂ ಸುತ್ತ ಕೂತ್ಕೋತೀವಿ!"

ಅಕ್ಕ ಒಳಗಿನಿಂದ ಪರದೆ ಎಳೆದಳು. ದಿನಗಳು ಕಳೆದವು, ಗಾಡಿಯಿಂದ ಅವಳು ಇಳಿಯಲೇ ಇಲ್ಲ. ಹೊರಗೆ ಅವಳಿಗೆಂದು ಹಾಕಿಟ್ಟ ಖಾಲಿ ಕುರ್ಚಿಯ ಪಕ್ಕ ಭಾವ ಒಬ್ಬರೇ ಕೂತಿರುತ್ತಿದ್ದರು. ಒಂದು ದಿನ ನಾನೇ ಹೋಗಿ ಹೇಳಿದೆ.

"ಭಾವ, ನಮ್ಮ ಭಾಷೆ ಇರೋ ಕಡೆಯೆಲ್ಲ ಇವಳಿಗೆ ಪರೀಕ್ಷೆ. ನಮ್ಮೋರ ನಾಯಿನೂ ಸಿಗದಿರೋ ಊರಿಗೆ ನಡೀರಿ."

"ಅಲ್ಲ ಮಾರಾಯ್ತಿ, ಇಲ್ಲಿಯ ಭಾಷೆ ನಂಗೂ ಬರಲ್ಲ, ನಿಂಗೂ ಬರಲ್ಲ. ಬ್ರೆಡ್ ಹೇಗೆ ಕೇಳೋದು?"

"ಹಸಿದಾಗ ತಾನಾಗೇ ಬರುತ್ತೆ. ಗಾಡಿ ತೆಗೀರಿ."

ಉತ್ತರಕ್ಕೆ ಹೋಗಿ ಒಂದು ಸಣ್ಣ ಮೀನುಗಾರರ ಊರಿನ ಬಂದರಿನ ಪಕ್ಕ ನಿಲ್ಲಿಸಿದೆವು. ಬೆಳಿಗ್ಗೆ ಭಾವ ಬುಟ್ಟಿ ಹಿಡಿದು ಬ್ರೆಡ್ ತರಲು ಹೋದರು. ಬರುವಾಗ ಬುಟ್ಟಿಯಲ್ಲಿ ಒಂದು ಗರಗಸವಿತ್ತು.

"ಇದೇನು ಭಾವ?"

"ಬ್ರೆಡ್ ಕೊಯ್ಯೋ ಹಾಗೆ ಕೈ ಆಡಿಸಿ ತೋರಿಸ್ದೆ. ಅಂಗಡಿಯ ಮುದುಕ ಖುಷಿಯಿಂದ ಒಳಗೆ ಹೋಗಿ ಇದನ್ನ ತಂದ. ಬೇಡ ಅನ್ನೋಕೂ ಬರಲಿಲ್ಲ ನಂಗೆ."

ಅಕ್ಕ ಗರಗಸವನ್ನು ನೋಡಿದಳು, ಗಂಡನನ್ನು ನೋಡಿದಳು. ಗರಗಸ ತೆಗೆದು ಮೇಜಿನ ಮೇಲಿಟ್ಟು, ಅವರ ಕೈಯಿಂದ ಬುಟ್ಟಿ ಕಿತ್ತುಕೊಂಡು, ಚಪ್ಪಲಿ ಮೆಟ್ಟಿ ಇಳಿದೇಬಿಟ್ಟಳು. ನಾವಿಬ್ಬರೂ ಹಿಂದೆ ಓಡಿದೆವು.

ಅವಳು ಬ್ರೆಡ್ಡಿನ ಕಡೆ ಹೋಗಲೇ ಇಲ್ಲ, ನೇರ ಮೀನು ಮಾರುವವರ ಸಾಲಿಗೆ ಹೋದಳು. ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ ನೋಡಿ, ಮೂಗು ಮುರಿದು ಅಲ್ಲೇ ಬಿಟ್ಟಳು. ಮೀನಿನವಳು ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು. ನನಗೆ ಅವಳ ಭಾಷೆ ಬಾರದು, ಆದರೆ "ನಿನ್ ಕಣ್ಣೇನು ಕುರುಡೇನೇ, ಈಗ ತಾನೇ ದೋಣಿಯಿಂದ ಇಳಿದದ್ದು!" ಎಂದೇ ಇರಬೇಕು. ಅಕ್ಕನೂ ಸೊಂಟಕ್ಕೆ ಕೈಯಿಟ್ಟಳು.

"ಅದೇ! ಅದೇ ಅದೇ ಅದೇ! ಅದೇ?"

ಹಾರ್ಲಿಂಗನ್ನಿನ ಅದೇ ಹಳೆಯ ರಾಗ, ಅದೇ ಗತ್ತು. ಇವಳ ಭಾಷೆಯಲ್ಲಿ ಉಳಿದಿರುವುದು ಒಂದೇ ಪದವೆಂದು ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಅವಳು ಉಸಿರು ಬಿಗಿಹಿಡಿಯಲಿಲ್ಲ, ಕಾಯಲಿಲ್ಲ, ಸರಿಸಮಕ್ಕೆ ಬೈದಳು. ಅಕ್ಕ ಬೆರಳು ಮಡಚಿ ಚೌಕಾಸಿ ಮಾಡಿದಳು. ಕೊನೆಗೆ ಇಬ್ಬರೂ ಒಪ್ಪಿದರು.

ಮೀನು ಕಟ್ಟುತ್ತಾ ಮೀನಿನವಳು ಭಾವನನ್ನು ನೋಡಿದಳು. ಅಷ್ಟು ಹೊತ್ತೂ ಅವರು ಕಂಬದ ಹಾಗೆ ನಿಂತಿದ್ದರು. ಅವಳು ತನ್ನ ತುಟಿ ಮುಟ್ಟಿ, ಕೈ ಅಲ್ಲಾಡಿಸಿ, ಅಕ್ಕನ ಕಡೆಗೆ ಮುಖ ಬಾಡಿಸಿ ಸನ್ನೆಯಲ್ಲೇ ಕೇಳಿದಳು: ಪಾಪ, ನಿನ್ನ ಗಂಡನಿಗೆ ಮಾತು ಬರಲ್ವಾ?

ಭಾವ ಉತ್ತರ ಕೊಡಲು ಬಾಯಿ ತೆರೆದರು. ಅಕ್ಕ ಅವರ ಕಡೆಗೊಮ್ಮೆ ನೋಡಿ, ದೊಡ್ಡ ನಿಟ್ಟುಸಿರು ಬಿಟ್ಟು, ಬರಲ್ಲ ಎಂಬಂತೆ ತಲೆಯಾಡಿಸಿದಳು. ಮೀನಿನವಳು ಲೊಚಗುಟ್ಟಿ, ಭಾವನ ಕೆನ್ನೆ ಸವರಿ, ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು. ಭಾವ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡರು.

ಮೂಲೆ ತಿರುಗಿದ್ದೇ ತಡ, ಅಕ್ಕ ಬಂದರಿನ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಲಕ್ವ ಹೊಡೆದ ಮೇಲೆ ನಾನು ಆ ನಗು ಕೇಳಿದ್ದು ಅಂದೇ ಮೊದಲು. ಭಾವನ ಕಣ್ಣೂ ತುಂಬಿತ್ತು. ನಾನು ಏನೋ ಹೇಳಹೊರಟರೆ ಕೈ ಹಿಡಿದು ತಡೆದರು.

ಆ ಊರಿನಲ್ಲಿ ಚಳಿಗಾಲವಿಡೀ ಇದ್ದೆವು. ಅಷ್ಟು ದಿನವೂ ಭಾವ ಗಾಡಿಯ ಹೊರಗೆ ಒಂದೇ ಒಂದು ಮಾತಾಡಲಿಲ್ಲ. ಯಾರು ಏನು ಕೇಳಿದರೂ ಅವರ ಪರವಾಗಿ ಅಕ್ಕನೇ ಉತ್ತರ ಕೊಟ್ಟಳು.