ಮೂಲೆಗೆ ನಾಲ್ಕು ಕೈ

ಮೊನ್ನೆ ಕಾರವಾರದಲ್ಲಿ ಮಳೆ ಹೊಳವಾಗಿ ಬಿಸಿಲು ಬಿತ್ತು. ಕಂಬಳಿ ಒಣಗಿಸೋಣವೆಂದು ಟ್ರಂಕು ತೆರೆದರೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಸವೆದು ಕಡಲೆಯಷ್ಟಾಗಿದ್ದ ಗುಳಿಗೆಯನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಇದರ ಅಣುವಿನ ಚಿತ್ರ ಬರೆಯುವಾಗಲೇ ಅಲ್ಲವೆ ನಮಗೆ ಪಾಠ ಹೇಳುತ್ತಿದ್ದ ಅಕ್ಕೋರು ತಪ್ಪಿದ್ದು...

ಅಂಕೋಲೆಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಅವರೊಬ್ಬರೇ ಇದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ಬಂದು, ಸಂಜೆ ಜಗಲಿಯಲ್ಲಿ ನಮಗೆ ಮೂವರು ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಅಣುವಿನ ಚಿತ್ರದಲ್ಲಿ ಗೆರೆ ಕೂಡುವ ಪ್ರತಿ ಮೂಲೆಯಲ್ಲೂ ಒಂದು ಕಾರ್ಬನ್ ಇದೆ, ಹೆಸರು ಬರೆಯುವುದಿಲ್ಲ ಅಷ್ಟೆ. ಅದಕ್ಕೆ ನಾಲ್ಕೇ ಕೈ. ಒಂಟಿ ಗೆರೆಗೆ ಒಂದು ಕೈ, ಜೋಡಿ ಗೆರೆಗೆ ಎರಡು. ಕೈ ಉಳಿದರೆ ಅಲ್ಲಿ ಹೈಡ್ರೋಜನ್ ಇದೆಯೆಂದು ನಾವೇ ತಿಳಿಯಬೇಕು. ನಾವು ಐದು ಕೈ ಹಚ್ಚಿದರೆ, "ಎಂತದೆ ತಂಗಿ ಇದು, ಕಾರ್ಬನ್ನೋ ಏಡಿಯೋ?" ಎನ್ನುತ್ತಿದ್ದರು.

ಆ ಸಂಜೆ ಡಾಂಬರು ಗುಳಿಗೆಯ ಅಣುವೆಂದು ಒಂದೇ ಗೋಡೆ ಹಂಚಿಕೊಂಡ ಎರಡು ಷಟ್ಕೋನ ಬರೆದರು. ನಡುಗೋಡೆಯ ಮೇಲಿನ ಮೂಲೆಯಿಂದ ಎಡಕ್ಕೂ ಜೋಡಿ ಗೆರೆ, ಬಲಕ್ಕೂ ಜೋಡಿ ಗೆರೆ ಎಳೆದರು. ಎರಡೂ ಎರಡೂ ನಾಲ್ಕು, ಗೋಡೆಯದೊಂದು...

"ಅಕ್ಕೋರೆ, ಆ ಮೂಲೆಗೆ ಐದು ಕೈ ಆಯ್ತಲ್ರಾ?"

"ಅಕ್ಕೋರದ್ದೂ ಏಡಿ!" ಎಂದು ಗೆಳತಿಯರು ಕಿಸಕ್ಕೆಂದರು. ಅಕ್ಕೋರು ನಗಲಿಲ್ಲ. ಬೆರಳಿಟ್ಟು ಎಣಿಸಿದರು. ಮತ್ತೆ ಎಣಿಸಿದರು. "ನಾಲ್ಕೇ ಇದ್ಯಲ್ಲೆ..." ಎಂದು ನನ್ನ ಮುಖ ನೋಡಿದರು. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು ಯಾವ ಕಡೆ ಹೋಗಬೇಕೆಂದೇ ಮರೆತವರ ಕಣ್ಣು ಅದು.

ಉಳಿದವರು ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದರು. "ಮೊನ್ನೆ ಕಾಲೇಜಲ್ಲೂ ಹೀಂಗೇ ಆಯ್ತೆ ತಂಗಿ. ಯಾರ ಹತ್ರನೂ ಹೇಳ್ಬೇಡ. ಕಲ್ಸೂದು ಬಿಡ್ಸಿದ್ರೆ ನಾ ಎಂತ ಮಾಡ್ಲಿ?"

ಮರುದಿನದಿಂದ ಹೊಸ ರೂಢಿ ಬಂತು. ಅವರು ಬರೆದ ಕೂಡಲೇ ನಾವು ಮೂಲೆ ಮೂಲೆಗೂ ಗಟ್ಟಿಯಾಗಿ ಕೈ ಎಣಿಸಬೇಕು. ಐದು ಬಂದರೆ, ಬೇಕೆಂದೇ ತಪ್ಪು ಬರೆದವರಂತೆ "ಭೇಷ್, ಹಿಡಿದ್ರಲ್ಲೆ!" ಎಂದು ಒರೆಸುತ್ತಿದ್ದರು. ಗೆಳತಿಯರಿಗೆ ಅದು ಆಟ. ಆಟವಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ದಿನ ಹೋದಂತೆ ಐದುಗಳು ಹೆಚ್ಚಿದವು.

ನಾವು ಮೂವರೂ ಪಾಸಾದೆವು. ಅಷ್ಟರಲ್ಲಿ ಕಾಲೇಜಿನವರಿಗೂ ಗೊತ್ತಾಗಿ, ಅಕ್ಕೋರ ಒಡಹುಟ್ಟಿದ ತಂಗಿ ಅವರನ್ನು ಬೆಳಂಬಾರದ ತಮ್ಮ ಮನೆಗೆ ಕರೆದೊಯ್ದಿದ್ದರು. ನೋಡಲು ಹೋದಾಗ ಅಕ್ಕೋರಿಗೆ ನನ್ನ ಗುರುತು ಸಿಗಲಿಲ್ಲ. ಆದರೆ ಅಂಗಳದ ಮರಳಿನಲ್ಲಿ ಬೆರಳಿನಿಂದ ಷಟ್ಕೋನ ಬರೆದರು, ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಮೂಲೆಯೊಂದನ್ನು ಮುಟ್ಟಿ ಕೇಳಿದರು, "ಇಲ್ಲಿ ಯಾರೋ ಇರ್ತಿದ್ರಲ್ಲೆ ತಂಗಿ?" ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಈಗ ನನಗೂ ಆಗಿನ ಅವರ ವಯಸ್ಸು. ಈಚೆಗೆ ಅಕ್ಕಿ ತೊಳೆದಿಟ್ಟದ್ದನ್ನು ಮರೆತು ಮತ್ತೆ ತೊಳೆಯುತ್ತೇನೆ. ಟ್ರಂಕಿನ ಮುಚ್ಚಳದ ಧೂಳಿನಲ್ಲಿ ಅದೇ ಎರಡು ಷಟ್ಕೋನ ಬರೆದು, ಜೋಡಿ ಗೆರೆಗಳನ್ನೂ ಎಳೆದು, ನಡುಗೋಡೆಯ ಮೂಲೆಗೆ ಬೆರಳಿಟ್ಟು ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ. ಗಟ್ಟಿಯಾಗಿ ಎಣಿಸಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಅಕ್ಕೋರಿಗೂ ನಾಲ್ಕೇ ಸಿಕ್ಕಿತ್ತು.